ಅಜ್ಜನವರು ಹೊತ್ತುಕೊಂಡ ಆಣೆ

ಪೂಜ್ಯ ಮರುಳಸಿದ್ಧಜ್ಜನವರ ಮಠವೆಂದರೆ ಹೊಳೆದಂಡೆಯ ಒಂದು ಹಂಚಿನ ಮನೆ, ಮುಂದೊಂದು ಅಂಗಳ, ಅಷ್ಟೇ. ಸುತ್ತಲಿನ ಜನ ಕುಡಿತಕ್ಕೆ ಬಿದ್ದ ತಮ್ಮವರನ್ನು ಅಲ್ಲಿಗೆ ಕರೆತಂದು, ಗದ್ದುಗೆ ಮುಟ್ಟಿಸಿ, ಇನ್ನು ಕುಡಿಯುವುದಿಲ್ಲವೆಂದು ಆಣೆ ಮಾಡಿಸುವುದು ರೂಢಿ. ಅಜ್ಜನವರಿಗೆ ಅದು ಅಷ್ಟಾಗಿ ಹಿಡಿಸುತ್ತಿರಲಿಲ್ಲ; ಆದರೂ ಬಂದವರ ಮನಸ್ಸು ನೋಯಿಸುತ್ತಿರಲಿಲ್ಲ.

ಒಂದು ಸೋಮವಾರ ಎಣ್ಣೆಗಾಣದ ಕಂಠೆಪ್ಪ ತನ್ನ ತಮ್ಮ ಫಕೀರಪ್ಪನನ್ನು ರಟ್ಟೆ ಹಿಡಿದು ಎಳೆತಂದ. ಲಾರಿ ಓಡಿಸುತ್ತಿದ್ದ ಫಕೀರಪ್ಪ ಕುಡಿತದಿಂದ ಕೆಲಸ ಕಳೆದುಕೊಂಡಿದ್ದ. ಕೂತರೆ ಏಳುವನು, ಎದ್ದರೆ ಬಾಗಿಲ ಕಡೆ ನೋಡುವನು. ಕೈ ಒಂದೇ ಸಮನೆ ನಡುಗುತ್ತಿತ್ತು. ದರ್ಶನಕ್ಕೆ ಕಾದಿದ್ದ ಭಕ್ತರು ಗೊಣಗಿದರು.

“ಕುಂದರಲೇ!” ಎಂದು ಕಂಠೆಪ್ಪ ಗದರಿದ. “ಅಜ್ಜಾರ, ಎಷ್ಟ ಆಣಿ ಹಾಕಿಸಿದ್ರೂ ಮುರೀತಾನ್ರೀ. ಇವತ್ತ ಗದ್ದಿಗಿ ಮುಟ್ಟಿಸೇ ಬಿಡ್ರಿ.”

ಅಜ್ಜನವರು ಗದ್ದುಗೆಯತ್ತ ನೋಡಲೇ ಇಲ್ಲ. ಎದ್ದು ಅಂಗಳಕ್ಕಿಳಿದು, “ಕೂಡ್ರಾಕ ಆಗದಿದ್ರ ಬ್ಯಾಡಪಾ. ನಡೀ, ಅಡ್ಡಾಡಕೋಂತ ಮಾತಾಡೂಣು” ಎಂದು ಫಕೀರಪ್ಪನನ್ನು ಕರೆದರು.

ಇಬ್ಬರೇ ಅಂಗಳದಲ್ಲಿ ತಿರುಗತೊಡಗಿದರು. ಕುಡುಕನಿಗೆ ಇಷ್ಟು ಉಪಚಾರವೇ ಎಂದು ಕಂಠೆಪ್ಪನ ಮೈ ಉರಿಯಿತು. ಅವನು ನಿಂತಿದ್ದ ಕಂಬದ ಹತ್ತಿರ ಅವರಿಬ್ಬರೂ ಬಂದಾಗ ಅಜ್ಜನವರ ಮಾತು ಕಿವಿಗೆ ಬಿತ್ತು: “ಕುಡೀಲಾರದ ದಿನ ನಿನಗ ಏನಾಗತೈತಿ?”

ಫಕೀರಪ್ಪನನ್ನು ಇದುವರೆಗೆ ಯಾರೂ ಹೀಗೆ ಕೇಳಿರಲಿಲ್ಲ.

“ಕಿವ್ಯಾಗ ಒಂದ ದನಿ ಬರ್ತೈತ್ರೀ,” ಎಂದ ಫಕೀರಪ್ಪ. “ನಿನ್ನ ಮಗಳು ಸಾಯ್ತಾಳ ಅಂತೈತಿ. ಅಕಿ ತಲಿ ಮುಟ್ಟಿ ಆಣಿ ಮಾಡಿ ಮುರದೀನಲ್ರೀ. ಕುಡದ್ರ ಅಷ್ಟ ಆ ದನಿ ಸುಮ್ಮನಾಗತೈತಿ. ನಾ ಸತ್ರ ಅಕಿ ಉಳೀತಾಳೇನ್ರೀ, ಅಜ್ಜಾರ?”

ಅಂದು ಹಠ ಹಿಡಿದು ಕೂಸಿನ ತಲೆಯ ಮೇಲೆ ತಮ್ಮನ ಕೈ ಒತ್ತಿದವನು ಕಂಠೆಪ್ಪನೇ.

ಅಜ್ಜನವರು ನಿಂತರು. ನಡುಗುವ ಆ ಕೈಯನ್ನು ಎತ್ತಿ ತಮ್ಮ ತಲೆಯ ಮೇಲೆ ಇಟ್ಟುಕೊಂಡರು. ಅಂದು ಕಂಡವರಿಗೆ ಅದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

“ಆ ಆಣಿ ಇನ್ನ ನಂದು. ಮುರದ ಪಾಪ ಇದ್ರ ನನಗ ತಟ್ಟಲಿ. ನಿನಗ ಕೇಳೂದು ಬ್ಯಾನಿ, ದೇವರ ಸಿಟ್ಟಲ್ಲ.”

ಅಂದೇ ಅವನನ್ನು ಧಾರವಾಡದ ಮನೋವೈದ್ಯರಲ್ಲಿಗೆ ತಾವೇ ಕರೆದೊಯ್ದರು. ಮರಳಿ ಬಂದ ಮೇಲೆ ಗುಳಿಗೆಯ ಜೊತೆಗೆ ಅಂಗಳದ ತಿರುಗಾಟವೂ ನಡೆಯಿತು, ದಿನವೂ, ಇಬ್ಬರದೇ.

ಸುಗ್ಗಿಯ ಹೊತ್ತಿಗೆ ದನಿ ಅಡಗಿತು. ಆದರೆ ಒಂದು ಸಂಜೆ ಫಕೀರಪ್ಪ ಮತ್ತೆ ಕುಡಿದ. ಮೊದಲಾಗಿದ್ದರೆ ಕಂಠೆಪ್ಪ ಅವನನ್ನು ಕೋಣೆಯಲ್ಲಿ ಕೂಡಿಹಾಕುತ್ತಿದ್ದ. ಅಂದು ತೂರಾಡುವ ತಮ್ಮನ ತೋಳನ್ನು ಹೆಗಲಿಗೆ ಹಾಕಿಕೊಂಡು, ಪೇಟೆಯ ನಡುವೆಯೇ ನಡೆಸಿಕೊಂಡು ಮಠಕ್ಕೆ ಬಂದ. ಊರೆಲ್ಲ ನೋಡಿತು, ನೋಡಲಿ ಎಂದುಕೊಂಡ.

“ಕುಡದಾನ್ರೀ, ಅಜ್ಜಾರ. ನಾನೂ ನಿಮ್ಮ ಕೂಡ ಅಡ್ಡಾಡ್ಲೇನ್ರೀ?”

ಅಜ್ಜನವರು ಇಬ್ಬರನ್ನೂ ಕರೆದುಕೊಂಡು ಅಂಗಳಕ್ಕಿಳಿದರು. ಕುಡಿತ ಪೂರ್ತಿ ಬಿಡಲು ಫಕೀರಪ್ಪನಿಗೆ ಆಮೇಲೂ ಬಹಳ ಕಾಲ ಹಿಡಿಯಿತು. ಕಂಠೆಪ್ಪ ಮಾತ್ರ ಅಂದಿನಿಂದ ಯಾರಿಂದಲೂ ಆಣೆ ಮಾಡಿಸಲಿಲ್ಲ.