ಬಾಣೆಯ ಗಾಜು ಆರಿಸಿದ ಮೇದಪ್ಪ

ಕೊಡಗಿನ ಒಂದೂರಲ್ಲಿ ದೇಚವ್ವ ಅಂತ ಒಬ್ಬಳು. ಗದ್ದೆಯಿಲ್ಲ, ತೋಟವಿಲ್ಲ. ಇದ್ದದ್ದು ಒಂದು ಹಸು, ಒಬ್ಬ ಮಗ. ಹಸುವಿಗೆ ಬುದ್ಧಿಯಿತ್ತು. ಮಗ ಮೇದಪ್ಪ ಮಾತ್ರ ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು.

ಹಸು ಮೇಯುತ್ತಿದ್ದದ್ದು ಊರ ಬಾಣೆಯಲ್ಲಿ. ಊರಿಗೆಲ್ಲ ಸೇರಿದ ಹುಲ್ಲುಗುಡ್ಡ ಅದು. ಭಾನುವಾರ ಬಂತೆಂದರೆ ತೋಟದ ಯಜಮಾನ ಮಾಚಯ್ಯ ಗೆಳೆಯರೊಂದಿಗೆ ಜೀಪಿನಲ್ಲಿ ಬರುತ್ತಿದ್ದ. ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯವಿದೆಯಲ್ಲ, ಅದಕ್ಕೆ ಅಭ್ಯಾಸ. ಕಡಿದ ಮರದ ಬೊಡ್ಡೆಯ ಮೇಲೆ ಖಾಲಿ ಬಾಟಲಿ ಇಡುವುದು, ಕೋವಿ ಹಾರಿಸುವುದು, ಹೋಗುವುದು. ಗುರಿ ಅವನದು, ಗಾಜು ಊರಿನದು. ಒಂದು ಚೂರು ಹಸುವಿನ ಗೊರಸಿಗೆ ಹೊಕ್ಕಿತು. ಇನ್ನೊಂದು ಹೊಕ್ಕರೆ ಹಸುವೂ ಇಲ್ಲ, ಮನೆಯಲ್ಲಿ ಗಂಜಿಯೂ ಇಲ್ಲ.

“ಹೋಗಿ ಗಾಜು ಆರಿಸು ಮಗ,” ಅಂದಳು ದೇಚವ್ವ. “ಮಾಚಯ್ಯಣ್ಣ ಏನಾದರೂ ಹೇಳಿದರೆ ಎದುರಾಡಬೇಡ.”

ಭಾನುವಾರ ಮೇದಪ್ಪ ಹೋದ. ಕೋವಿ ಹಿಡಿದರೆ ಮಾಚಯ್ಯ ಬಹಳ ಶಿಸ್ತಿನವನು. “ಲೋ ಮೇದ, ಬೊಡ್ಡೆಯ ಹಿಂದೆ ಯಾರಾದರೂ ಇದ್ದಾರಾ ನೋಡಿ ಹೇಳು. ಆಮೇಲೆ ಹೊಡೀತೇನೆ.”

ಮೇದಪ್ಪ ಬೊಡ್ಡೆಯ ಹಿಂದೆ ಕುಕ್ಕರುಗಾಲಲ್ಲಿ ಕೂತ. ಆ ಕಡೆ ನೋಡಿದ, ಈ ಕಡೆ ನೋಡಿದ. “ಯಾರೂ ಇಲ್ಲ ಅಣ್ಣ, ನಾನೊಬ್ಬನೇ. ಹೊಡೀರಿ.”

ಮಾಚಯ್ಯ ಕೋವಿ ಕೆಳಗಿಳಿಸಿದ. ಬೈದು ಓಡಿಸಿದ.

ದೇಚವ್ವ ಹಣೆ ಚಚ್ಚಿಕೊಂಡಳು. “ನೀನು ಯಾರೂ ಅಲ್ಲವೇನೋ? ಬಡವನಾದರೂ ನೀನೂ ಮನುಷ್ಯನೇ. ಮನುಷ್ಯನನ್ನು ಕಂಡರೆ ಕೆಂಪು ಬಟ್ಟೆ ಬೀಸಿ, ಹೊಡೀಬೇಡಿ ಅನ್ನಬೇಕು.”

ಮುಂದಿನ ಭಾನುವಾರ ಮೇದಪ್ಪ ಕೆಂಪು ಬಟ್ಟೆ ಹಿಡಿದು ಹೋದ. ಮಾಚಯ್ಯ ಕೋವಿ ಎತ್ತಿದ. ಮೇದಪ್ಪ ಬಟ್ಟೆ ಬೀಸಿದ. “ಹೊಡೀಬೇಡಿ, ಮನುಷ್ಯ ಇದ್ದಾನೆ.”

“ಎಲ್ಲೋ?”

“ಕೋವಿ ಹಿಡ್ಕೊಂಡು ನಿಂತಿದ್ದಾನಲ್ಲ, ನೀವೇ.”

ಕೋವಿ ಎತ್ತಿದಾಗಲೆಲ್ಲ ಇದೇ ಮಾತು, ಇದೇ ಬಟ್ಟೆ. ಗುಂಡು ಹಾರಲಿಲ್ಲ. ಗೆಳೆಯರು ಬೇಸರಕ್ಕೆ ಇನ್ನಷ್ಟು ಕುಡಿದರು, ಬಾಟಲಿಗಳನ್ನು ಬಂಡೆಗೆ ಎಸೆದು ಒಡೆದು, ಜೀಪು ಹತ್ತಿ ಹೋದರು.

“ಒಂದು ಚೂರಾದರೂ ಆರಿಸಿದೆಯೇನೋ ಪೆದ್ದ?” ಅಂದಳು ದೇಚವ್ವ. “ಹಸು ಮೂರು ಕಾಲಲ್ಲಿ ಕುಂಟುತ್ತಿದೆ. ಅವರ ತಂಟೆಗೆ ಹೋಗಬೇಡ. ಅವರು ಊಟಕ್ಕೆ ಕೂತಾಗ ಎಲ್ಲ ಆರಿಸು. ಯಾರೂ ಕಾಲಿಡದ ಜಾಗದಲ್ಲಿ ಸುರಿ.”

ಮೂರನೆಯ ಭಾನುವಾರ ಅವರು ಮರದ ನೆರಳಲ್ಲಿ ಊಟಕ್ಕೆ ಕೂತರು. ಮೇದಪ್ಪ ಹುಲ್ಲು ಬಗೆದು ಬಗೆದು ಆರಿಸಿದ. ಗಾಜು ಆರಿಸಿದ, ಹಾರಿಸಿದ ಗುಂಡಿನ ಖಾಲಿ ತೋಟಾ ಆರಿಸಿದ. ಬುಟ್ಟಿ ತುಂಬಿತು, ಬಾಣೆಯಲ್ಲಿ ಒಂದು ಚೂರೂ ಉಳಿಯಲಿಲ್ಲ. ಕೋವಿ ಎತ್ತುವ ಮುಂಚೆ ಗುರಿಯ ಹಿಂದೆ ನೋಡುವ ದೊಡ್ಡ ಮನುಷ್ಯರು ತಾವು ಬಿಟ್ಟುಹೋದದ್ದನ್ನು ಎಂದೂ ತಿರುಗಿ ನೋಡಿದವರಲ್ಲ. ಪೆದ್ದ ಒಬ್ಬನೇ ನೋಡಿದ.

ಈಗ ಎಲ್ಲಿ ಸುರಿಯುವುದು? ಬಂಡೆಯ ಮೇಲೆ? ಆಡು ಕಾಲಿಡುತ್ತದೆ. ಹಳ್ಳದಲ್ಲಿ? ಎಮ್ಮೆ ಕಾಲಿಡುತ್ತದೆ. ಬೇಲಿಯ ಬದಿಯಲ್ಲಿ? ಹೆಂಗಸರು ಸೌದೆಗೆ ಬಂದು ಕಾಲಿಡುತ್ತಾರೆ. ಜೀಪಿನ ಹತ್ತಿರ ಬಂದ. ಮೆಟ್ಟಿಲ ಮೇಲೆ ಕಾಲಿಡುತ್ತಾರೆ, ಬೇಡ. ಮುಂದಿನ ಸೀಟು ನೋಡಿದ. ಅಲ್ಲಿ ಯಾರೂ ಕಾಲಿಡುವುದಿಲ್ಲ. ಬುಟ್ಟಿ ಬೋರಲು ಹಾಕಿದ, ಕಣ್ಣಿಗೆ ಚೆನ್ನಾಗಿ ಕಾಣಲಿ ಎಂದು ಹೆಗಲ ಮೇಲಿದ್ದ ಕೆಂಪು ಬಟ್ಟೆ ಹೊದಿಸಿದ.

ಹೊಟ್ಟೆ ತುಂಬಿದ ಮಾಚಯ್ಯ ಊಟಕ್ಕೆ ಕಳಚಿದ ಬೂಟು ಕೈಯಲ್ಲಿ ಹಿಡಿದು ಬಂದ. ಮೆತ್ತಗೆ ಹಾಸಿದ್ದಾರೆ ಅಂದುಕೊಂಡು ಧೊಪ್ಪನೆ ಕೂತ. ಕೂತಷ್ಟೇ ಬೇಗ ಎದ್ದ. ಹಿಂದೆ ಎರಡು ಕೈ ಹಿಡಿದುಕೊಂಡು ಬಾಣೆಯ ತುಂಬ ಓಡಿದ, ಬರಿಗಾಲಲ್ಲಿ.

ಮೇದಪ್ಪನೂ ಹಿಂದೆಯೇ ಓಡಿದ. “ಅಣ್ಣ, ನಿಲ್ಲಿ ಅಣ್ಣ. ಕಾಲಿಗೇನೂ ಚುಚ್ಚಲಿಲ್ಲ ತಾನೆ?”