ಎರಡು ಹೊಟ್ಟೆಯ ಕಾರು

ಕೇಳಿರಪ್ಪಾ ಮಕ್ಕಳೇ, ಇದರಲ್ಲಿ ಸುಳ್ಳು ಒಂದಕ್ಷರವೂ ಇಲ್ಲ. ಇದ್ದರೆ ಎರಡು ಮೂರಿರಬಹುದು, ಅಷ್ಟೆ.

ಕೆಮ್ಮುಗಲ್ಲು ಅಂತ ಒಂದು ರಾಜ್ಯ. ಅಲ್ಲಿ ಕಾರುಗಳ ಹೊಗೆ ಎಷ್ಟಿತ್ತೆಂದರೆ, ಬೆಳಿಗ್ಗೆ ಹಾರಿಹೋದ ಕೊಕ್ಕರೆ ಸಂಜೆ ಕಾಗೆಯಾಗಿ ಗೂಡಿಗೆ ಬರುತ್ತಿತ್ತು. ದೊರೆ ಮಾತಾಡುವುದಕ್ಕಿಂತ ಕೆಮ್ಮುವುದೇ ಜಾಸ್ತಿ.

ಆ ರಾಜ್ಯದಲ್ಲಿ ಮೌನೇಶಾಚಾರಿ ಅಂತ ಒಬ್ಬ ಕಮ್ಮಾರ. ಮೂರು ವರ್ಷ ಬೆವರು ಸುರಿಸಿ ಎರಡು ಹೊಟ್ಟೆಯ ಕಾರು ಮಾಡಿದ. ಒಂದು ಹೊಟ್ಟೆಗೆ ಕರೆಂಟು, ಇನ್ನೊಂದಕ್ಕೆ ಪೆಟ್ರೋಲು. ದಿನಾ ಸಂಜೆ ಈ ವೈರು ಸಿಕ್ಕಿಸಿ ಚಾರ್ಜಿಗೆ ಹಾಕಿ ಬುದ್ಧಿ, ಊರೊಳಗೆಲ್ಲ ಹೊಗೆಯಿಲ್ಲದೆ ಓಡುತ್ತೆ, ಪೆಟ್ರೋಲು ದೂರದ ದಾರಿಗೆ ಮಾತ್ರ ಎಂದು ದೊರೆಗೆ ವಿವರಿಸಿದ. ದೊರೆಗೆ ಖುಷಿಯಾಯಿತು. ಮೂರು ತಿಂಗಳು ಓಡಿಸಿ ನೋಡಲು ಅದನ್ನು ದಿವಾನ ಭೋಗಣ್ಣನಿಗೆ ಕೊಟ್ಟ. ಬೇರೆ ಯಾವ ಕಾರಿಗೂ ತೆರೆಯದ ಕೋಟೆಬಾಗಿಲು ಇದಕ್ಕೆ ತೆರೆಯಿತು.

ಭೋಗಣ್ಣನೋ, ನೀರಿನ ಲೋಟ ಎತ್ತಲು ಇಬ್ಬರು ಆಳು ಬೇಕೆನ್ನುವ ಆಸಾಮಿ.

ಮೊದಲ ತಿಂಗಳು ಕಾರು ಕೋಟೆಯೊಳಗೆ ಬುಸ್ ಅಂತ ಹೊಗೆ ಬಿಟ್ಟಿತು. ಎರಡನೇ ತಿಂಗಳು ಇನ್ನೂ ಬಿಟ್ಟಿತು. ಮೂರನೇ ತಿಂಗಳು ಅಂತಃಪುರದ ಗಿಳಿ ಮಾತು ಮರೆತು ಕೆಮ್ಮಲು ಕಲಿಯಿತು.

ಆಸ್ಥಾನ ಸೇರಿತು. ಎರಡು ಹೊಟ್ಟೆ ಅಂದರೇನೇ ಮೋಸ, ಬರೀ ಕರೆಂಟಿನದೇ ಬೇಕು ಎಂದ ಒಬ್ಬ ಪಂಡಿತ. ಅದು ಕಾಡಿನ ನಡುವೆ ನಿಂತರೆ ನೀವು ಬಂದು ತಳ್ಳುತ್ತೀರೋ ಎಂದ ಇನ್ನೊಬ್ಬ. ಮೂರನೆಯವನಿಗೆ ಎತ್ತಿನ ಗಾಡಿಯೇ ಸೈ. ಭೋಗಣ್ಣ ಮಾತ್ರ ಮೀಸೆ ತಿರುವಿ, ದಿನಾ ತನ್ನ ಕೈಯಾರೆ ಚಾರ್ಜಿಗೆ ಹಾಕಿದ್ದೇನೆ, ಕಾರೇ ದಂಡಪಿಂಡ ಎಂದುಬಿಟ್ಟ.

ಹಾಗಾದರೆ ಆಚಾರಿಯ ಕುಲುಮೆಗೆ ಇಂದೇ ಬೀಗ ಎಂದ ದೊರೆ, ಕೆಮ್ಮುತ್ತಲೇ.

ಆಸ್ಥಾನದ ಮೂಲೆಯಲ್ಲಿ ನಿಂತಿದ್ದ ಮೌನೇಶಾಚಾರಿ ಮುಂದೆ ಬಂದ. ಅಜ್ಜನ ಕಾಲದಿಂದ ನಡೆದುಬಂದ ಕುಲುಮೆ ಅದು. ಚಾರ್ಜಿಗೆ ಹಾಕಿದ ಕಾರು ಹೀಗೆ ಹೊಗೆ ಉಗುಳುವುದಿಲ್ಲವೆಂದು ಅವನಿಗೆ ಗೊತ್ತು. ಆದರೆ ದಿವಾನ ಸುಳ್ಳುಗಾರ ಅಂದರೆ ನಂಬುವವರು ಯಾರು? ತಲೆ ಕೆರೆದುಕೊಂಡ. ಆಮೇಲೆ ಕೈಮುಗಿದ.

"ತಪ್ಪು ನನ್ನದೇ ಇರಬಹುದು ಬುದ್ಧಿ. ಒಂದೇ ಮಾತು. ವೈರಿನ ಸುರುಳಿಯೊಳಗೆ ನಮ್ಮ ಮನೆಯವಳು ಕಾಳಮ್ಮ ಮಾಡಿದ ಕೊಬ್ಬರಿ ಮಿಠಾಯಿ ಇಟ್ಟಿದ್ದೆ. ದಿವಾನರಿಗೆ ರುಚಿಸಿತೋ ಇಲ್ಲವೋ?"

ಭೋಗಣ್ಣ ಹಿಂದುಮುಂದು ನೋಡಲಿಲ್ಲ. "ಚೆನ್ನಾಗಿತ್ತು ಕಣಯ್ಯ. ಏಲಕ್ಕಿ ಒಂಚೂರು ಜಾಸ್ತಿ ಆಯ್ತು."

"ವೈರು ತರಿಸಿ ಮಹಾಪ್ರಭು. ನಾನು ಮಿಠಾಯಿ ಇಟ್ಟೇ ಇರಲಿಲ್ಲ."

ಆಳುಗಳು ಡಿಕ್ಕಿಯಿಂದ ವೈರು ತಂದರು. ಹೊಸದರ ಪ್ಲಾಸ್ಟಿಕ್ ಕವರು ಹಾಗೇ ಇದೆ. ಕವರಿನ ಮೇಲೆ ಆಯುಧಪೂಜೆಯ ಅರಿಶಿನ ಕುಂಕುಮ, ಒಂದು ಒಣಗಿದ ಚೆಂಡುಹೂವು. ಭೋಗಣ್ಣ ವೈರಿಗೆ ಪೂಜೆ ಮಾಡಿದ್ದ, ಮಂಗಳಾರತಿ ಎತ್ತಿದ್ದ; ಕವರು ಮಾತ್ರ ಬಿಚ್ಚಿರಲಿಲ್ಲ.

ಆಸ್ಥಾನವೆಲ್ಲ ಗೊಳ್ಳೆಂದು ನಕ್ಕಿತು. ಇನ್ನುಮೇಲೆ ಊರಿಗೆಲ್ಲ ಎರಡು ಹೊಟ್ಟೆಯ ಕಾರೇ, ಅವನ್ನೆಲ್ಲ ಸಂಜೆ ಸಂಜೆ ಚಾರ್ಜಿಗೆ ಹಾಕುವ ಕೆಲಸ ಭೋಗಣ್ಣನದೇ ಎಂದು ಅಪ್ಪಣೆಯಾಯಿತು. ಮೂರೇ ದಿನಕ್ಕೆ ಗಿಳಿಗೆ ಮಾತು ಮರಳಿತು.

ಮೌನೇಶಾಚಾರಿ ಮನೆಗೆ ಬಂದು ಕುಲುಮೆಯ ತಿದಿ ಒತ್ತಿದ. ಮನಸ್ಸು ಅದೆಷ್ಟು ಹಗುರಾಗಿತ್ತೆಂದರೆ, ಆ ತಿದಿಯ ಗಾಳಿಗೇ ತೇಲಿ ಅಟ್ಟ ಸೇರಿಬಿಟ್ಟ. ಕಾಳಮ್ಮನೇ ಕಾಲು ಹಿಡಿದು ಇಳಿಸಬೇಕಾಯಿತು.

ಇದರ ನೀತಿ ಇಷ್ಟೇ ಮಕ್ಕಳೇ: ನಮ್ಮ ಸೋಮಾರಿತನ ಮುಚ್ಚಿಕೊಳ್ಳಲು ಇನ್ನೊಬ್ಬರ ದುಡಿಮೆಯನ್ನು ದೂರಬಾರದು.