ಅರೆಗಣ್ಣಿನ ಶವಾಸನ

ಇದು ನಡೆದದ್ದು ಕಾರ್ತಿಕ ಮಾಸದ ಒಂದು ಬೆಳಿಗ್ಗೆ, ಯೋಗಶಾಲೆಯ ಹಜಾರದಲ್ಲಿ ಅಭ್ಯಾಸ ನಡೆಯುತ್ತಿದ್ದಾಗ. ಚೆನ್ನವೀರನೆಂಬ ಶಿಷ್ಯ ನಡುವೆಯೇ ಎದ್ದು ಬಂದು, ಜಗಲಿಯಲ್ಲಿದ್ದ ಗುರುಗಳ ಎದುರು ಕುಳಿತ. ಅವನು ಶಹನಾಯಿ ನುಡಿಸುವವನು. ಉಬ್ಬಸ ಹೆಚ್ಚಾಗಿ ವಾದ್ಯವನ್ನು ಕೆಳಗಿಟ್ಟಿದ್ದ. ಉಸಿರು ಮರಳಿ ಬಂದರೆ ಸಾಕೆಂದು ಇಲ್ಲಿಗೆ ಸೇರಿದ್ದ.

"ಗುರುಗಳೇ, ಯೋಗದಲ್ಲಿ ಹಲವು ಪದ್ಧತಿಗಳಿವೆ. ಅವುಗಳಲ್ಲಿ ನಿಜವಾಗಿ ಫಲ ಕೊಡುವುದು ಯಾವುದು?"

"ಏಕೆ ಕೇಳುತ್ತೀಯಪ್ಪ?"

"ನಿನ್ನೆ ಮೊನ್ನೆ ಬಂದವರಿಗೆ ಸೂರ್ಯನಮಸ್ಕಾರ ಹೇಳಿಕೊಡುತ್ತೀರಿ. ಕೆಲವರಿಗೆ ಹಗ್ಗ ಹಿಡಿದು ಮಾಡುವ ಆಸನಗಳು. ನನಗೆ ಮಾತ್ರ ಮಳೆಗಾಲದಿಂದಲೂ ಒಂದೇ ಮಾತು: ಕುಳಿತುಕೋ, ಉಸಿರನ್ನು ನಿಧಾನವಾಗಿ ಬಿಡು. ಒಳ್ಳೆಯದನ್ನು ನನ್ನಿಂದ ಮುಚ್ಚಿಟ್ಟಿದ್ದೀರಿ ಎಂದು ನನಗೆ ಅನುಮಾನ. ಹೌದಾದರೆ ಹೇಳಿಬಿಡಿ, ಬೇರೆ ಶಾಲೆ ನೋಡಿಕೊಳ್ಳುತ್ತೇನೆ."

ಗುರುಗಳು ಕೋಪಿಸಿಕೊಳ್ಳಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಅವನಿಗೆ ನಿದ್ದೆ ಬರುತ್ತಿರಲಿಲ್ಲ. ಮಲಗಿದರೆ ಅಂಗಡಿಯ ಆಳುಗಳು ಕಣ್ಣ ಮುಂದೆ ಬರುತ್ತಿದ್ದರು. ಯಾರು ಏನನ್ನು ಎತ್ತಿಕೊಂಡು ಹೋದರೋ ಎಂದು ಮನಸ್ಸು ಅಲ್ಲಿಗೇ ಓಡುತ್ತಿತ್ತು. ಬರಬರುತ್ತ ಬಟ್ಟೆ ಅಳೆಯುವಾಗ ಲೆಕ್ಕ ತಪ್ಪತೊಡಗಿತು. ಹೀಗೇ ನಿದ್ದೆಗೆಟ್ಟರೆ ಜೀವಕ್ಕೇ ಸಂಚಕಾರ ಎಂದು ವೈದ್ಯರು ಹೇಳಿದರು. ಅವನು ಹೆದರಿ ಒಬ್ಬ ಯೋಗಗುರುವಿನ ಬಳಿ ಹೋದ.

ಆ ಗುರುವಿಗೆ ಒಂದು ಕ್ರಮವಿತ್ತು. ಎಲ್ಲರನ್ನೂ ಒಂದೇ ಹಜಾರದಲ್ಲಿ ಕೂಡಿಸುತ್ತಿದ್ದ. ಆದರೆ ಒಬ್ಬೊಬ್ಬರ ಪಕ್ಕದಲ್ಲೂ ಕುಳಿತು, ಅವರ ಕಿವಿಗೆ ಮಾತ್ರ ಕೇಳುವಂತೆ ಅವರವರ ಅಭ್ಯಾಸವನ್ನು ಹೇಳುತ್ತಿದ್ದ. ಮಗ್ಗದ ಮೇಲೆ ಬಾಗಿ ಬಾಗಿ ಬೆನ್ನು ಗೂನಾಗಿದ್ದ ನೇಕಾರನಿಗೆ ಎದೆ ಎತ್ತಿ ಹಿಂದಕ್ಕೆ ಬಾಗುವ ಆಸನಗಳು. ಮೂಟೆ ಹೊತ್ತು ತೊಡೆ ಬಿಗಿದುಹೋಗಿದ್ದ ಹಮಾಲನಿಗೆ ಮುಂದಕ್ಕೆ ಬಾಗಿ ಬಹಳ ಹೊತ್ತು ಹಾಗೆಯೇ ಇರುವುದು. ಒಂದು ಕಡೆ ಕೂರಲಾರದ ಯುವಕನೊಬ್ಬನಿಗೆ ಉಸಿರಿನ ಜೊತೆಗೆ ಬಿಡುವಿಲ್ಲದೆ ಸೂರ್ಯನಮಸ್ಕಾರ.

ವ್ಯಾಪಾರಿಯ ಕಿವಿಯಲ್ಲಿ ಹೇಳಿದ್ದು ಇಷ್ಟು: "ಶವಾಸನದಲ್ಲಿ ಮಲಗಿ. ಕಣ್ಣು ಮುಚ್ಚಿ. ಕಾಲಿನ ಬೆರಳಿನಿಂದ ಶುರುಮಾಡಿ ಒಂದೊಂದೇ ಅಂಗವನ್ನು ಸಡಿಲ ಬಿಡುತ್ತ ಬನ್ನಿ."

ಅವನು ಮಲಗಿದ್ದನ್ನು ಕಂಡು ಪಕ್ಕದ ನೇಕಾರ ನಕ್ಕ. "ಏನು ಶೆಟ್ಟರೇ, ಬಿದ್ದುಕೊಳ್ಳುವುದಕ್ಕೂ ನಿಮಗೆ ಗುರು ಬೇಕಾಯಿತೇ?"

ಮಾತು ನಾಟಿತು. ವ್ಯಾಪಾರಿ ಮಲಗಿದಲ್ಲೇ ಯೋಚಿಸಿದ. ಗುರುತಿಲ್ಲದ ಗಿರಾಕಿ ಬಂದರೆ ನಾನು ಮೊದಲು ಮೇಲಿನ ಸಾಧಾರಣ ಬಟ್ಟೆಯ ಥಾನುಗಳನ್ನು ಬಿಚ್ಚುತ್ತೇನೆ. ಒಳಕೋಣೆಯ ಸೀರೆಗಳನ್ನು ತೆಗೆಯುವುದಿಲ್ಲ. ಈ ಗುರುವೂ ನನಗೆ ಅದನ್ನೇ ಮಾಡುತ್ತಿದ್ದಾನೆ. ಒಳ್ಳೆಯದಾಗಿದ್ದರೆ ಗಟ್ಟಿಯಾಗಿ ಹೇಳಬಾರದೇ? ಪಿಸುಮಾತೇಕೆ?

ಅಂದಿನಿಂದ ಅವನು ಶವಾಸನದಲ್ಲಿ ಮಲಗಿ ಅರೆಗಣ್ಣಿನಲ್ಲಿ ಉಳಿದವರನ್ನು ನೋಡತೊಡಗಿದ. ನೇಕಾರ ಎದೆ ಎತ್ತುವ ಬಗೆ, ಹಮಾಲ ಬಾಗುವ ಬಗೆ, ಯುವಕನ ಲಯ ಎಲ್ಲವನ್ನೂ ಕಲಿತ. ಮನೆಯಲ್ಲಿ ಬಾಗಿಲು ಹಾಕಿಕೊಂಡು ಒಂದನ್ನೂ ಬಿಡದೆ ಮಾಡಿದ.

ಚಳಿಗಾಲ ಮುಗಿಯುವ ಹೊತ್ತಿಗೆ ನೇಕಾರ ನೆಟ್ಟಗೆ ನಡೆಯುತ್ತಿದ್ದ. ಹಮಾಲ ನೋವಿಲ್ಲದೆ ಕುಕ್ಕರುಗಾಲಿನಲ್ಲಿ ಕೂರುತ್ತಿದ್ದ. ಯುವಕ ಕೂತಲ್ಲಿ ಕೂರುವುದನ್ನು ಕಲಿತಿದ್ದ. ವ್ಯಾಪಾರಿ ಮಾತ್ರ ಸೊಂಟನೋವಿನಿಂದ ನರಳುತ್ತ, ಇಬ್ಬರು ಆಳುಗಳ ಹೆಗಲ ಮೇಲೆ ಕೈ ಹಾಕಿ ಬಂದ.

"ಸ್ವಾಮಿ, ನಿಮ್ಮ ಮೋಸ ತಿಳಿಯಿತು. ಇಲ್ಲಿ ಹೇಳಿಕೊಡುವ ಎಲ್ಲವನ್ನೂ ಮಾಡಿ ನೋಡಿದೆ. ನಿದ್ದೆ ಬರಲಿಲ್ಲ. ಇದ್ದ ಸೊಂಟವೂ ಹೋಯಿತು."

"ನಿಮಗೆ ಹೇಳಿದ್ದನ್ನು ಮಾಡಿದಿರಾ, ಶೆಟ್ಟರೇ?"

"ತಪ್ಪದೆ ಮಲಗಿದ್ದೇನೆ. ಇವರನ್ನೇ ಕೇಳಿ."

"ಕಣ್ಣು ಮುಚ್ಚಿಕೊಂಡು?"

ವ್ಯಾಪಾರಿಗೆ ಸಿಟ್ಟು ಬಂತು. "ಕಣ್ಣು ಮುಚ್ಚಿಕೊಂಡರೆ, ನೀವು ಬೇರೆಯವರಿಗೆ ಏನು ಕೊಡುತ್ತಿದ್ದೀರಿ ಎಂದು ನನಗೆ ತಿಳಿಯುವುದು ಹೇಗೆ?"

ಆ ಗುರು ಎದ್ದು ನೇಕಾರನ ಪಕ್ಕದಲ್ಲಿ ಹೋಗಿ ಕುಳಿತ. ವ್ಯಾಪಾರಿ ಮುಂದಿನ ಊರಿನ ಯೋಗಗುರುವನ್ನು ಹುಡುಕಿಕೊಂಡು ಗಾಡಿ ಹತ್ತಿದ. ದಾರಿಯುದ್ದಕ್ಕೂ ಎಚ್ಚರವಾಗಿಯೇ ಇದ್ದ, ಗಾಡಿಯವನು ಸುತ್ತಿನ ದಾರಿ ಹಿಡಿದಾನೆಂದು.

ಗುರುಗಳು ಕತೆ ನಿಲ್ಲಿಸಿದರು.

ಚೆನ್ನವೀರ ತಲೆ ಅಲ್ಲಾಡಿಸಿದ. "ತಪ್ಪು ತಿಳಿಯಬೇಡಿ. ಇಂಥ ವ್ಯಾಪಾರಿ ಎಲ್ಲೂ ಇದ್ದಂತೆ ಕಾಣುವುದಿಲ್ಲ. ನನ್ನನ್ನು ಇಲ್ಲಿಯೇ ಉಳಿಸಿಕೊಳ್ಳಲು ನೀವೇ ಈಗ ಕಟ್ಟಿದ ಕತೆ ಇದು."

"ಇರಬಹುದು."

"ಹೇಗಿದ್ದರೂ ನಾನು ಆ ವ್ಯಾಪಾರಿಯಲ್ಲ. ನೀವು ಹೇಳಿದ ಹಾಗೆಯೇ ಕೂರುತ್ತೇನೆ, ಉಸಿರಿನ ಮೇಲೇ ಗಮನ ಇಡುತ್ತೇನೆ. ಬೇರೆಯವರ ಗೊಡವೆ ನನಗೆ ಬೇಡ."

ಅದಕ್ಕೆ ಗುರುಗಳು ಹೇಳಿದರು:

"ನಾನು ಕತೆ ಹೇಳುತ್ತಿದ್ದಷ್ಟು ಹೊತ್ತಿನಲ್ಲಿ ನೀನು ಹಜಾರದ ಕಡೆ ತಿರುಗಿ ನೋಡಿದ್ದು ಒಂಬತ್ತು ಸಲ."